ಎಡಬದಿಯ ಹೊಲಿಗೆ

ಆ ಬೀದಿಯಲ್ಲಿ ಯಾರು ಏನು ಕೊಳ್ಳಲು ಹೊರಟರೂ ಸೀಟಕ್ಕನ ಗಂಡನನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಬೀರು, ಮಂಚ, ಗೋಡೆ ಗಡಿಯಾರ, ಒಮ್ಮೆ ಹಾಲಿನವನ ಮಾವನಿಗೆ ಕಟ್ಟುಹಲ್ಲು ಕೂಡ. ಮೇಲಿನ ಸಾಲು ಕಟ್ಟಿಸಿದರೆ ಕೆಳಗಿನ ಸಾಲು ಅರ್ಧ ಬೆಲೆಗೆ ಎಂದು ಹಲ್ಲಿನ ವೈದ್ಯರನ್ನು ಒಪ್ಪಿಸಿ ಬಂದ ದಿನದಿಂದ ಬೀದಿ ಅವನನ್ನು ಚೌಕಾಸಿ ಎಂದೇ ಕರೆಯಿತು. ಮುದುಕರ ಕೆಳಸಾಲಿನ ಹಲ್ಲುಗಳು ಕಲ್ಲಿನಂತೆ ಗಟ್ಟಿಯಾಗಿದ್ದವು, ಅರ್ಧ ಬೆಲೆಯ ಆಸೆಗೆ ಅವನ್ನು ಕೀಳಿಸಬೇಕಾಯಿತು ಎಂಬ ಮಾತನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ಹಗಲೆಲ್ಲ ಅವನು ಗೋದಾಮಿನ ತೂಕದ ಕಟ್ಟೆಯಲ್ಲಿ ಕೂತು ಲಾರಿಗಳ ಭಾರ ಬರೆಯುವ ಗುಮಾಸ್ತ. ಅಲ್ಲಿ ಅವನ ಮಾತಿಗೆ ಬೆಲೆಯಿಲ್ಲ. ಮುಳ್ಳು ತೋರಿಸಿದ್ದನ್ನು ಬರೆಯಬೇಕು, ಅಷ್ಟೆ. ಅಂಗಡಿಯ ಮೆಟ್ಟಿಲು ಹತ್ತಿದರೆ ಮಾತ್ರ ಮನುಷ್ಯನ ಬೆನ್ನು ನೆಟ್ಟಗಾಗುತ್ತಿತ್ತು. ಹಾಗಾಗಿ ಮನೆ ತುಂಬ ಅವನು ಗೆದ್ದು ತಂದ ವಸ್ತುಗಳು: ಒದ್ದರೆ ಮಾತ್ರ ಬಾಗಿಲು ಹಾಕಿಕೊಳ್ಳುವ ಫ್ರಿಜ್ಜು, ಒಂದೇ ವೇಗದಲ್ಲಿ ತಿರುಗುವ ಫ್ಯಾನು, ಹನ್ನೊಂದು ತಟ್ಟೆಗಳ ಒಂದು ಡಜನ್ನು.

"ಅಗ್ಗಕ್ಕೆ ಸಿಕ್ಕಿದ್ರೆ ನನ್ನ ಮಗ ಜ್ವರಾನೂ ಎರಡು ಕೊಂಡ್ಕೊಂಡು ಬರ್ತಾನೆ," ಎನ್ನುತ್ತಿದ್ದರು ಅತ್ತೆ.

ಅವನ ಹೆಂಡತಿಗೆ ಬೀದಿ ಸೀಟಕ್ಕ ಎಂದು ಹೆಸರಿಟ್ಟದ್ದು ಅವಳ ಕೆಲಸದಿಂದ. ಮುಂದಿನ ಕೋಣೆಯ ಕಿಟಕಿಗೆ ಒತ್ತಿಕೊಂಡಂತೆ ಅವಳ ಭಾರದ ಹೊಲಿಗೆ ಯಂತ್ರ, ಅದರ ಪಕ್ಕದಲ್ಲಿ ರೆಕ್ಸಿನ್ನಿನ ಸುರುಳಿಗಳು, ನೆಲದ ಮೇಲೆ ಮಗುಚಿ ಹಾಕಿದ ಮೋಟಾರ್ ಸೈಕಲ್ಲಿನ ಸೀಟುಗಳು. ಹೆದ್ದಾರಿಯ ದೊಡ್ಡ ಶೋರೂಮಿನಿಂದ ತಿಂಗಳಿಗೆ ಹತ್ತೋ ಹನ್ನೆರಡೋ ಸೀಟು ಟೆಂಪೋದಲ್ಲಿ ಬರುತ್ತಿದ್ದವು. ಹರಿದವು, ಗೀರು ಬಿದ್ದವು, ಟಾರಿಗೆ ಉಜ್ಜಿ ಸ್ಪಂಜು ಹೊರಗೆ ಬಂದವು. ಪಿನ್ನು ಕಿತ್ತು, ಹೊದಿಕೆ ಬಿಚ್ಚಿ, ಒಳಗಿನಿಂದ ತೇಪೆ ಕೊಟ್ಟು, ಮತ್ತೆ ಎಳೆದು ಕೂರಿಸಿದರೆ ಸೀಟು ಕಾರ್ಖಾನೆಯಿಂದ ಈಗಷ್ಟೇ ಇಳಿದಂತೆ ಹೊಳೆಯಬೇಕು. ಹನ್ನೊಂದು ವರ್ಷದ ಹಿಂದೆ ಮೊದಲ ಸೀಟು ಕೊಟ್ಟಾಗ ಶೋರೂಮಿನ ಮ್ಯಾನೇಜರು ಹೇಳಿದ್ದು ಒಂದೇ ಮಾತು: "ಹೊಲಿಗೆ ಕಾಣಬಾರ್ದು. ಕಂಡ್ರೆ ಕೂಲಿ ಇಲ್ಲ."

ಅವಳ ಹೊಲಿಗೆ ಕಾಣುತ್ತಿರಲಿಲ್ಲ. ಸರಿಹೋದ ಸೀಟುಗಳು ಎಲ್ಲಿಗೆ ಹೋಗುತ್ತವೆ ಎಂದು ಅವಳು ಒಂದೇ ಒಂದು ಸಾರಿ ಕೇಳಿದ್ದಳು. ಗಿರಾಕಿಗಳಿಗೆ ಓಡಿಸಿ ನೋಡಲು ಕೊಡುವ ಗಾಡಿಗಳಿಗೆ ಎಂದಿದ್ದರು. ಅಂಥ ಗಾಡಿಗಳು ಶೋರೂಮಿನ ಮುಂದೆ ನಿಂತಿರುವುದು ಎರಡೇ ಎರಡು. ಎರಡಕ್ಕೆ ತಿಂಗಳಿಗೆ ಹನ್ನೆರಡು ಸೀಟು ಹೇಗೆ ಎಂಬ ಲೆಕ್ಕ ಬಾರದಷ್ಟು ದಡ್ಡಿ ಅವಳಲ್ಲ. ಆದರೆ ಆ ಕೂಲಿಯಲ್ಲೇ ಮಗಳ ನರ್ಸಿಂಗ್ ಓದು ಮುಗಿದದ್ದು. ತುತ್ತು ಬಾಯಲ್ಲಿದ್ದಾಗ ಯಾರೂ ಪ್ರಶ್ನೆ ಕೇಳುವುದಿಲ್ಲ.

ಒಂದು ಸಂಜೆ ಅವಳ ಯಂತ್ರದ ಮೇಲಿದ್ದ ಸೀಟಿಗೆ ಎಡಬದಿಯಲ್ಲಿ ಒಂದು ಗೇಣು ಉದ್ದದ ಹರಕು, ಕುಡುಗೋಲಿನ ಹಾಗೆ ಬಾಗಿದ್ದು. ಹೇಗೆ ಎಳೆದರೂ ಅದು ಮುಚ್ಚುತ್ತಿರಲಿಲ್ಲ. ಕೊನೆಗೆ ಅವಳು ಹರಕಿನ ಮೇಲೆ ಅಂಚು ಬರುವಂತೆ ತೆಳ್ಳಗೆ ಒಂದು ಪೈಪಿಂಗ್, ಎಂದರೆ ಸುತ್ತಿ ಮಡಿಸಿದ ರೆಕ್ಸಿನ್ನಿನ ಪಟ್ಟಿ, ಕೂರಿಸಿದಳು. ಒಂದೇ ಕಡೆ ಇದ್ದರೆ ತೇಪೆ ಅನ್ನುತ್ತಾರೆ ಎಂದು ಬಲಬದಿಗೂ ಅಂಥದೇ ಒಂದನ್ನು ಹೊಲಿದಳು. ದಾರ ಮುಗಿಯುವಲ್ಲಿ ಎಂದಿನಂತೆ ಮೂರು ಹೊಲಿಗೆ ಹಿಂದಕ್ಕೆ, ಒಂದು ಓರೆ. ಅದು ಅವಳ ಕೈ ತಾನಾಗಿ ಹಾಕುವ ಗಂಟು.

ಆಗಲೇ ಮಗಳು ಓಡುತ್ತ ಒಳಗೆ ಬಂದದ್ದು.

"ಅಮ್ಮಾ, ಆಯ್ತು! ಕೆಲಸ ಆಯ್ತು!"

ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಹುಣ್ಣು ತೊಳೆದು, ಕಟ್ಟು ಬದಲಿಸಿ, ಸೂಜಿ ಕೊಟ್ಟು ಬರುವ ನರ್ಸಿನ ಕೆಲಸ. ದಿನಕ್ಕೆ ಎಂಟು ಮನೆ, ಊರಿನ ಎಂಟು ಮೂಲೆಗೆ. ಸಂಬಳ ಅಪ್ಪನದಕ್ಕಿಂತ ಮೂರು ಸಾವಿರ ಹೆಚ್ಚು. ಷರತ್ತು ಒಂದೇ: ಮುಂದಿನ ತಿಂಗಳ ಒಂದನೇ ತಾರೀಖಿಗೆ ಸ್ವಂತ ಮೋಟಾರ್ ಸೈಕಲ್ಲು ಇರಬೇಕು, ಇಲ್ಲದಿದ್ದರೆ ಜಾಗ ಪಟ್ಟಿಯಲ್ಲಿರುವ ಇನ್ನೊಬ್ಬರಿಗೆ.

ಊಟಕ್ಕೆ ಅನ್ನ, ಬೇಳೆ, ಹುರಿದ ಆಲೂಗಡ್ಡೆ. ವಿಷಯ ಕೇಳಿದ ಗಂಡ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಯುದ್ಧಕ್ಕೆ ಕರೆ ಬಂದ ಸೈನಿಕನ ಕಳೆ ಮುಖದ ಮೇಲೆ.

"ನಾಳೆಯಿಂದ್ಲೇ ಶುರು ಮಾಡ್ತೀನಿ."

"ಗಾಡಿ ಓಡ್ಸೋದು ನಾನು ಅಪ್ಪ."

"ಓಡ್ಸು, ಯಾರು ಬೇಡ ಅಂದ್ರು? ಕೊಳ್ಳೋದು ನಾನು."

"ಎರಡೂ ಚಕ್ರ ಇರೋದನ್ನೇ ತಗೊಂಡು ಬಾರಪ್ಪ," ಎಂದರು ಅತ್ತೆ. "ಒಂದು ಚಕ್ರದ್ದು ಅರ್ಧ ಬೆಲೆ ಅಂದ್ರೆ ನೀನು ಬಿಡೋನಲ್ಲ."

ಅವಳು ಅನ್ನ ಬಡಿಸುತ್ತ ಮೆಲ್ಲಗೆ ಹೇಳಿದಳು: "ಸೇತುವೆ ಪಕ್ಕದ ಅಂಗಡೀಲಿ ನೋಡೋಣ ರೀ."

"ಆ ಮುದುಕನ ಹತ್ರನಾ? ಬೆಲೆ ಹಲಗೆ ಮೇಲೆ ಬರೆದು ಗೋಡೆಗೆ ಮೊಳೆ ಹೊಡೆದಿದಾನೆ. ಅಂಥೋನ ಹತ್ರ ಮಾತಾಡೋಕೆ ಏನಿರುತ್ತೆ?"

"ಮಾತಾಡೋಕಲ್ಲ, ಗಾಡಿ ತಗೊಳ್ಳೋಕೆ ಹೋಗೋದು."

"ನಿನಗೆ ಕೆಲಸ ಕೊಟ್ಟ ಶೋರೂಮು ಇರೋವಾಗ ಬೇರೆ ಕಡೆ ಹೋದ್ರೆ ಅವರೇನು ಅಂದ್ಕೋತಾರೆ? ನಾವು ಅವರ ಮನುಷ್ಯರು. ನಮಗೆ ಬಿಡದೆ ಇನ್ಯಾರಿಗೆ ಬಿಡ್ತಾರೆ?"

"ಅಲ್ಲಿ ಬೇಡ."

"ಯಾಕೆ?"

ಅವಳು ಸೌಟನ್ನು ಪಾತ್ರೆಯಲ್ಲಿ ಆಡಿಸಿದಳು. ಯಾಕೆ ಎಂದು ಹೇಳಿದರೆ ಹನ್ನೊಂದು ವರ್ಷ ನೀನೇನು ಮಾಡುತ್ತಿದ್ದೆ ಎಂಬ ಪ್ರಶ್ನೆ ಅದರ ಬಾಲ ಹಿಡಿದೇ ಬರುತ್ತದೆ.

"ನನಗ್ಯಾಕೋ ಸರಿ ಕಾಣಲ್ಲ."

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ತೀಯಲ್ಲ," ಎಂದು ಗಂಡ ತಟ್ಟೆಯನ್ನು ಮತ್ತೆ ಎಳೆದುಕೊಂಡ. "ಸೀಟು ಹೊಲಿಯೋದು ಬೇರೆ, ಗಾಡಿ ಕೊಳ್ಳೋದು ಬೇರೆ."

ಭಾನುವಾರ ಅವಳು ಮಗಳನ್ನು ಕರೆದುಕೊಂಡು, ತರಕಾರಿಗೆ ಹೋಗುವ ನೆಪದಲ್ಲಿ, ಸೇತುವೆ ಪಕ್ಕದ ಅಂಗಡಿಗೆ ಹೋದಳು. ಒಂದೇ ಕೋಣೆ, ಐದೇ ಗಾಡಿ. ಅಂಗಡಿಯ ಮುದುಕರು ಕನ್ನಡಕವನ್ನು ಹಣೆಗೇರಿಸಿಕೊಂಡು ಒಂದು ಗಾಡಿಯ ಸರಪಳಿಗೆ ಎಣ್ಣೆ ಬಿಡುತ್ತಿದ್ದರು. ಮೂಲೆಯಲ್ಲಿದ್ದ ಇನ್ನೊಂದಕ್ಕೆ ರಟ್ಟಿನ ಚೀಟಿ ಕಟ್ಟಿತ್ತು: 'ಓಡಿಸಿದ್ದು. ಎರಡು ಸಲ ಬಿದ್ದದ್ದು.'

ಮಗಳಿಗೆ ನಗು ಬಂತು. "ಬಿದ್ದಿದೆ ಅಂತ ನೀವೇ ಬರೆದ್ರೆ ಯಾರು ತಗೋತಾರೆ ಅಜ್ಜ?"

"ಬಿದ್ದಿದ್ದು ಬೇಕು ಅನ್ನೋರು ತಗೋತಾರೆ ಮಗಳೇ. ಬೇಡ ಅನ್ನೋರಿಗೆ ಕೊಟ್ರೆ ಅದು ವ್ಯಾಪಾರ ಅಲ್ಲ." ಅವರು ಹೊಸ ಗಾಡಿಯ ಹ್ಯಾಂಡಲನ್ನು ಅವಳ ಕೈಗೆ ಕೊಟ್ಟರು. "ಮೊದಲು ಇದನ್ನ ನೆಟ್ಟಗೆ ಹಿಡ್ಕೊಂಡು ಮುಂದಿನ ಚಕ್ರ ನೋಡು. ಚಕ್ರನೂ ನೆಟ್ಟಗಿರ್ಬೇಕು. ಬಣ್ಣ ಆಮೇಲೆ ನೋಡುವಂತೆ."

"ಮೀಟರು ನೋಡಿದ್ರೆ ಹೊಸದೋ ಹಳೇದೋ ಗೊತ್ತಾಗಲ್ವಾ?"

"ಮೀಟರಿನ ತಂತಿ ಕಳಚೋಕೆ ಎರಡು ನಿಮಿಷ ಸಾಕು. ಬಿದ್ದು ಸೊಟ್ಟಗಾದ ಗಾಡಿ ಮೂಳೆನ ಮುಚ್ಚಿಡೋಕೆ ಆಗಲ್ಲ."

ನೋಂದಣಿ, ವಿಮೆ ಎಲ್ಲ ಸೇರಿ ತೊಂಬತ್ತೆರಡು ಸಾವಿರ. ಹತ್ತು ದಿನದಲ್ಲಿ ಗಾಡಿ. ತಾಯಿ ಬಾಯಿ ತೆರೆಯುವ ಮೊದಲೇ ಮುದುಕರು ಗೋಡೆಯ ಹಲಗೆ ತೋರಿಸಿದರು. "ನಿಮ್ಮನೆಯವರು ಯಾರಂತ ಗೊತ್ತಮ್ಮ. ಒಂದು ಸಾರಿ ಬಂದು ನನ್ನ ಮುಂದೆ ಎರಡು ಗಂಟೆ ಕೂತಿದ್ರು. ಪಾಪ, ಬರಿಗೈಲಿ ಹೋದ್ರು."

ಮನೆಗೆ ಬಂದು ಮಗಳು ಅಂಗಡಿಯ ಸುದ್ದಿ ಹೇಳಿದ್ದೇ ತಪ್ಪಾಯಿತು. ಬರಿಗೈಯಲ್ಲಿ ಕಳಿಸಿದವನ ಹೆಸರೆತ್ತಿದರೆ ಚೌಕಾಸಿಗೆ ಮೈಯೆಲ್ಲ ಉರಿ. ಮರುದಿನವೇ ಅವನು ಶೋರೂಮಿನ ಗಾಜಿನ ಬಾಗಿಲು ತಳ್ಳಿದ.

ಎರಡು ವಾರದಲ್ಲಿ ಐದು ಸಲ ಹೋದ. ಪ್ರತಿ ಸಂಜೆಯೂ ಊಟದ ಜೊತೆಗೆ ವರದಿ.

"ಇವತ್ತು ಎದ್ದು ಬಾಗಿಲ ತನಕ ಬಂದೆ. ಮ್ಯಾನೇಜರು ಓಡಿ ಬಂದು ತೋಳು ಹಿಡ್ಕೊಂಡ."

"ಇವತ್ತು ಎರಡು ಸಲ ಚಹಾ ತರಿಸಿದ. ಎರಡನೇ ಚಹಾ ಬಂತು ಅಂದ್ರೆ ಮೀನು ಗಾಳಕ್ಕೆ ಸಿಕ್ತು ಅಂತ ಅರ್ಥ."

"ಗಾಳ ಯಾರ ಕೈಲಿತ್ತೋ?" ಎಂದರು ಅತ್ತೆ, ಮೊಟ್ಟೆ ಸುಲಿಯುತ್ತ.

"ಅಪ್ಪ, ದಿನ ಓಡ್ತಾ ಇದೆ. ಒಂದನೇ ತಾರೀಖಿಗೆ ಗಾಡಿ ಇರ್ಬೇಕು."

"ಆತುರ ತೋರಿಸಿದೋನು ಸೋತ. ನನಗೆ ಕಲಿಸ್ಬೇಡ."

ಐದನೆಯ ಸಲ ಅವನು ಗೆದ್ದೇ ಬಂದ. ಅಲ್ಲೂ ತೊಂಬತ್ತೆರಡು ಸಾವಿರ ಇದ್ದದ್ದು ಎಂಬತ್ತಮೂರಕ್ಕೆ! ಆ ದುಡ್ಡಲ್ಲಿ ಅರ್ಧ ಮಗಳು ಎರಡು ವರ್ಷ ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡಿ ಉಳಿಸಿದ್ದು, ಅರ್ಧ ತಾಯಿಯ ಸೀಟುಗಳದ್ದು. ಆದರೂ ಕೆಳಗಿಳಿಸಿದ ಒಂಬತ್ತು ಸಾವಿರ ಅವನದೇ ಸಂಪಾದನೆ ಎಂಬಂತೆ ಬೀದಿ ತುಂಬ ಹೇಳಿಕೊಂಡ. "ಇದೇ ಗಾಡಿ, ಇವತ್ತೇ ಒಯ್ದ್ರೆ ಮಾತ್ರ ಈ ಬೆಲೆ ಅಂದ. ನಾನು ಬಿಡ್ತೀನಾ?"

ಮಗಳು ಬೇಕರಿಯಿಂದ ಕೇಕು ತಂದಿದ್ದಳು. ಬೀದಿಯವರು ಗಾಡಿಯ ಸುತ್ತ ನಿಂತಿದ್ದರು. ಸೀಟಕ್ಕ ಕೈಗಂಟಿದ ಅಂಟನ್ನು ಒರೆಸಿಕೊಳ್ಳುತ್ತ ಹೊರಗೆ ಬರುವಾಗ ಗಂಡ ಸೀಟಿನ ಮೇಲೆ ಅಂಗೈ ಬಡಿಯುತ್ತಿದ್ದ.

"ಈ ಅಂಚು ನೋಡಿ! ಪೈಪಿಂಗ್! ಬೇರೆ ಯಾವ ಗಾಡಿಗಾದ್ರೂ ಇದ್ಯಾ? ವಿಶೇಷ ಮಾದರಿ ಅಂತೆ. ಇದಕ್ಕೇ ಎರಡು ಸಾವಿರ ಜಾಸ್ತಿ ಕೇಳಿದ್ರು. ಒಂದು ಕಾಸು ಕೊಡಲ್ಲ ಅಂದೆ."

ಅವಳು ಸೀಟಿನ ಎಡಬದಿಗೆ ಬೆರಳಿಟ್ಟಳು. ಅಂಚಿನ ಕೆಳಗೆ ಬಾಗಿದ ಕುಡುಗೋಲು ಬೆರಳಿಗೆ ಸಿಕ್ಕಿತು. ಕೊನೆಯಲ್ಲಿ ಮೂರು ಹಿಂದಕ್ಕೆ, ಒಂದು ಓರೆ.

"ಏನಮ್ಮ ಹಾಗೆ ನಿಂತುಬಿಟ್ಟೆ? ಕಣ್ಣು ಬೀಳುತ್ತೆ ಅಂತ ಹೆದರಿಕೆನಾ?" ಮಗಳು ನಗುತ್ತ ಅವಳ ಭುಜ ಹಿಡಿದಳು. "ಹತ್ತು. ಮೊದಲ ಸವಾರಿ ನಿನ್ನದೇ."

ಮಗಳ ಮುಖ ಬೆಳಕು ಹಚ್ಚಿಟ್ಟ ಹಾಗಿತ್ತು. ಗಂಡನ ಸುತ್ತ ಅರ್ಧ ಬೀದಿ. ನಾಳೆಯ ಬೆಳಿಗ್ಗೆಯೇ ಒಂದನೇ ತಾರೀಖು. ಈಗ ಬಾಯಿಬಿಟ್ಟರೆ ಎಲ್ಲವೂ ಒಟ್ಟಿಗೇ ಹೋಗುತ್ತದೆ: ಕೆಲಸ, ಕೇಕು, ಅವಳ ಯಂತ್ರದ ಮುಂದಿನ ಸೀಟುಗಳು. ಅವಳು ಬಿಸಿ ತುತ್ತು ನುಂಗಿದವಳಂತೆ ಬಾಯಿ ಮುಚ್ಚಿಕೊಂಡು ತನ್ನ ಹೊಲಿಗೆಯ ಮೇಲೆ ತಾನೇ ಹತ್ತಿ ಕೂತಳು. ಮಗಳು ಬೀದಿಯನ್ನು ಒಂದು ಸುತ್ತು ಹಾಕಿಸಿದಳು. ತಿರುವಿನಲ್ಲಿ ಗಾಡಿ ಕೊಂಚ ಎಡಕ್ಕೆ ವಾಲಿದಂತಾಯಿತು. ಹಿಂದೆ ಎಂದೂ ಕೂತು ಅಭ್ಯಾಸವಿಲ್ಲದ ತನ್ನ ಭಾರಕ್ಕೇ ಇರಬೇಕು ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

ಮೂರನೆಯ ದಿನ ಮಗಳು ಊಟಕ್ಕೆ ಕೂತಾಗ ಹೇಳಿದಳು: "ಗಾಡಿ ಎಡಕ್ಕೆ ಎಳಿಯುತ್ತೆ ಅಪ್ಪ. ಕೈ ಬಿಟ್ರೆ ಚರಂಡಿ ಕಡೆಗೇ ಹೋಗುತ್ತೆ."

"ಕೈ ಯಾಕೆ ಬಿಡ್ತೀಯ? ಹೊಸ ಗಾಡಿ, ಪಳಗಬೇಕು."

"ಶೋರೂಮಿಗೂ ಹೋಗಿದ್ದೆ. ಗಾಳಿ ತುಂಬಿ ಸರಿಯಾಯ್ತು ಅಂದ್ರು. ಸರಿಯಾಗ್ಲಿಲ್ಲ."

ತಾಯಿ ಪಲ್ಯದ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅಲ್ಲಿ ಸುಮ್ಮನೆ ನಲ್ಲಿ ಬಿಟ್ಟು, ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಹೇಳಬೇಕು. ಮೊದಲ ಸಂಬಳ ಬರಲಿ, ಆಮೇಲೆ. ಗಂಡನ ಮನಸ್ಸು ಸರಿಯಿರುವ ದಿನ ನೋಡಿ. ಮಗಳೊಬ್ಬಳಿಗೇ ಗುಟ್ಟಾಗಿ. ದಿನವೂ ಒಂದೊಂದು ನೆಪ, ನೆಪಗಳಿಗೇನು ಬರ.

ಒಂಬತ್ತನೆಯ ದಿನ ಮಧ್ಯಾಹ್ನ ಮಗಳನ್ನು ಯಾರೋ ಆಟೋದಲ್ಲಿ ಕರೆತಂದರು. ಆಸ್ಪತ್ರೆಯ ಹಿಂದಿನ ತಿರುವಿನಲ್ಲಿ ಮರಳು ಬಿದ್ದಿತ್ತು. ಬೇರೆ ಗಾಡಿಗಳೆಲ್ಲ ದಾಟಿದ ಮರಳಿನಲ್ಲಿ ಅವಳದ್ದು ಎಡಕ್ಕೆ ಜಾರಿ ಬಿದ್ದಿತ್ತು. ಎಡ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ನಾಲ್ಕು ವಾರ ಪ್ಲಾಸ್ಟರು. ಅವಳ ಎಂಟು ಮನೆಗಳನ್ನು ಪಟ್ಟಿಯಲ್ಲಿದ್ದ ಇನ್ನೊಬ್ಬ ನರ್ಸಿಗೆ ಕೊಟ್ಟರು. ವಾಸಿಯಾದ ಮೇಲೆ ಜಾಗವಿದ್ದರೆ ನೋಡೋಣ ಎಂದರು.

ಆ ದಿನ ಮನೆಯಲ್ಲಿ ಒಲೆ ಹಚ್ಚಿದ್ದು ಅತ್ತೆ. ಬ್ರೆಡ್ಡು ಸುಟ್ಟು, ಹಾಲು ಕಾಯಿಸಿ ಎಲ್ಲರ ಮುಂದೆ ಇಟ್ಟರು. ಗಂಡ ಮಗಳನ್ನು ಗದರುತ್ತಿದ್ದ.

"ನೋಡಿ ಓಡಿಸ್ಬೇಕು. ಅಷ್ಟು ಒಳ್ಳೇ ಗಾಡಿ!"

"ಒಳ್ಳೇ ಗಾಡಿ ಅಲ್ಲ," ಎಂದಳು ಅವಳು. ಅವಳ ದನಿ ಅವಳಿಗೇ ಬೇರೆಯವರದಂತೆ ಕೇಳಿಸಿತು. "ಅದು ಮೊದಲೇ ಬಿದ್ದಿದ್ದ ಗಾಡಿ. ಎಡಕ್ಕೆ ಬಿದ್ದದ್ದು. ಆ ಸೀಟು ಹೊಲಿದೋಳು ನಾನೇ. ಪೈಪಿಂಗ್ ಕೂರಿಸಿದ್ದೂ ನಾನೇ."

ಗಂಡ ಹಾಲಿನ ಲೋಟವನ್ನು ದೂರ ಸರಿಸಿದ.

"ಯಾವತ್ತು ಗೊತ್ತಾಯ್ತು?" ಎಂದ ಗಂಡ.

"ಗಾಡಿ ಬಂದ ದಿನ."

"ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ! ಹೆತ್ತ ತಾಯಿ!"

"ತರೋಕೆ ಮೊದಲೇ ಬೇಡ ಅಂದೆನಲ್ಲ."

"ಬೇಡ ಅಂದೆ. ಯಾಕೆ ಅಂತ ಅಂದ್ಯಾ? ಬೀದಿ ಮುಂದೆ ನನ್ನ ಮಾನ ಹೋಗ್ಲಿ ಅಂತ ಕಾಯ್ತಾ ಇದ್ದೆ. ಆ ಪೈಪಿಂಗ್ ತೋರಿಸಿ ಎಲ್ಲರ ಮುಂದೆ ಕುಣಿದೆನಲ್ಲ, ಒಳಗೊಳಗೇ ನಗ್ತಿದ್ದೆ ಅಲ್ವಾ?"

"ಅವಳ ಕೈ ಮುರಿದಿದೆ. ನಿಮಗೆ ಪೈಪಿಂಗ್ ಚಿಂತೆ."

"ಮುರಿಸಿದ್ದು ಯಾರು? ನಾನು ಮೋಸ ಹೋದೆ, ಒಪ್ಕೋತೀನಿ. ಮೋಸ ಮಾಡಿದ್ದು ನಿನ್ನ ಸೂಜಿ!"

ಅತ್ತೆ ಲೋಟವನ್ನು ಟಕ್ಕನೆ ಕೆಳಗಿಟ್ಟರು. "ಸಾಕು ಸುಮ್ನಿರೋ. ಕಣ್ಣು ಇರೋನು ಕೊಳ್ಳೋಕೆ ಹೋದ, ಮೂಗಿಗೆ ತುಪ್ಪ ಸವರಿಸ್ಕೊಂಡು ಬಂದ. ಈಗ ಸೂಜಿ ಮೇಲೆ ಸಿಟ್ಟು."

ಮಗಳು ಮಾತ್ರ ಕೂಗಲಿಲ್ಲ. ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳಿದಳು: "ಎಡಕ್ಕೆ ಎಳಿಯುತ್ತೆ ಅಂತ ನಾನು ಹೇಳಿದಾಗ ಪಾತ್ರೆ ತೊಳೀತಿದ್ದೆ ಅಲ್ವಾ ಅಮ್ಮ?"

"ಹೇಳ್ಬೇಕು ಅಂತ್ಲೇ ಇದ್ದೆ."

"ಹನ್ನೊಂದು ವರ್ಷದಲ್ಲಿ ಎಷ್ಟು ಸೀಟು ಹೊಲಿದಿರ್ತೀಯ?"

ಅವಳು ಸೆರಗಿಗೆ ಅಂಟಿದ್ದ ದಾರದ ತುಣುಕನ್ನು ಕಿತ್ತಳು.

"ಸಾವಿರ ದಾಟಿರುತ್ತೆ. ಅದರ ಮೇಲೆ ಕೂತೋರೆಲ್ಲ ಎಲ್ಲೆಲ್ಲಿ ಬಿದ್ರೋ. ನನ್ನ ವಾರ್ಡಿಗೇ ಬಂದಿರ್ಬಹುದು ಒಂದಿಬ್ಬರು. ನಾನೇ ಕಟ್ಟು ಕಟ್ಟಿರ್ಬಹುದು." ಮಗಳು ಎದ್ದಳು. "ಆ ದುಡ್ಡಲ್ಲೇ ಅಲ್ವಾ ನಾನು ಕಟ್ಟು ಕಟ್ಟೋದು ಕಲಿತದ್ದು."

ಮಾರನೆಯ ದಿನ ಗಂಡ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಶೋರೂಮಿಗೆ ಹೊರಟ. ಪೊಲೀಸು, ಕೋರ್ಟು, ಪತ್ರಿಕೆ ಎಂದೆಲ್ಲ ಗುಡುಗಿ ಹೋದ. ಅವಳು ಬಾಗಿಲಲ್ಲಿ ನಿಂತು ಹೇಳಿದಳು: "ಗಾಡಿ ವಾಪಸ್ ಕೊಟ್ಟು ದುಡ್ಡು ಇಸ್ಕೊಂಡು ಬನ್ನಿ. ಸಾಕ್ಷಿ ಬೇಕು ಅಂದ್ರೆ ನಾನು ಬಂದು ಸೀಟು ಬಿಚ್ಚಿ ತೋರಿಸ್ತೀನಿ. ನನ್ನ ಕೆಲಸ ಹೋದ್ರೆ ಹೋಗ್ಲಿ." ಮೂವತ್ತು ವರ್ಷದ ಸಂಸಾರದಲ್ಲಿ ಅವನು ಚೌಕಾಸಿಗೆ ಹೋಗುವಾಗ ಅವಳಿಗೆ ಆಸೆ ಹುಟ್ಟಿದ್ದು ಅದೇ ಮೊದಲು.

ಸಂಜೆ ಅವನು ಎರಡು ಹೆಲ್ಮೆಟ್ಟು ಹಿಡಿದು ಬಂದ. ಮುಖದಲ್ಲಿ ಗಾಡಿ ತಂದ ದಿನದ ಅದೇ ಕಳೆ.

"ಹಾವೂ ಸಾಯ್ಲಿಲ್ಲ, ಕೋಲೂ ಮುರೀಲಿಲ್ಲ. ಕೂತ್ಕೊಳ್ಳಿ ಎಲ್ಲ. ಮುಂದಿನ ಚಕ್ರ ಹಿಡಿಯೋ ಫೋರ್ಕು ಪುಕ್ಕಟೆ ನೆಟ್ಟಗೆ ಮಾಡಿಕೊಡ್ತಾರೆ. ನಾಲ್ಕು ಸರ್ವಿಸು ಪುಕ್ಕಟೆ. ಹೆಲ್ಮೆಟ್ಟು ಎರಡು. ಮೇಲೆ ಆರು ಸಾವಿರ ಕೈಗೆ!" ಅವನು ನೋಟುಗಳನ್ನು ಮೇಜಿನ ಮೇಲೆ ಬೀಸಣಿಗೆಯಂತೆ ಹರಡಿದ.

"ಗಾಡಿ?" ಎಂದಳು ಅವಳು.

"ಗಾಡಿ ನಮ್ಮದೇ. ಎಪ್ಪತ್ತೇಳಕ್ಕೆ ಬಿದ್ದ ಹಾಗಾಯ್ತು! ಊರಲ್ಲೇ ಯಾರಿಗೂ ಈ ಬೆಲೆಗೆ ಸಿಕ್ಕಿಲ್ಲ."

"ಅವರಿಗೇನು ಕೊಟ್ರಿ?"

"ಏನು ಕೊಡೋದು? ಒಂದು ಚೀಟಿ. ನಮ್ಮ ದೂರು ಏನಿಲ್ಲ ಅಂತ." ಅವನು ಹೆಲ್ಮೆಟ್ಟಿನ ಗಾಜನ್ನು ಅಂಗಿಯ ತೋಳಿಂದ ಒರೆಸಿದ. "ಮತ್ತೆ ಒಂದು ವರ್ಷ ನಿನ್ನ ಸೀಟು ಕೆಲಸ ಅರ್ಧ ಕೂಲಿಗೆ. ಬೇರೆ ಕಡೆಯದ್ದು ಹೊಲಿಯೋ ಹಾಗಿಲ್ಲ, ಅಷ್ಟೆ."

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ.

"ನನ್ನ ಕೈ ಮಾರ್ಕೊಂಡು ಬಂದ್ರಾ?"

"ಮಾರಿದ್ದು ಅಂತ ಯಾಕಂತೀಯ? ಕೆಲಸ ಉಳಿಸಿ ಬಂದಿದೀನಿ. ಆ ಮ್ಯಾನೇಜರು ನಿನ್ನ ಕಿತ್ತೇ ಹಾಕ್ತೀನಿ ಅಂತಿದ್ದ. ಮೊದಲು ಎರಡು ವರ್ಷ ಅಂದ. ಒಂದಕ್ಕೆ ಇಳಿಸಿದೆ!"

ಅತ್ತೆ ನಕ್ಕರು. ಹಲ್ಲಿಲ್ಲದ ಆ ನಗು ಕೇಳಲು ಹಿತವಾಗಿರಲಿಲ್ಲ. "ಇವನಪ್ಪನೂ ಹೀಗೇ. ನನ್ನ ಎರಡು ಬಳೆ ಕೊಟ್ಟು ಮೂರು ಕುರ್ಚಿ ತಂದಿದ್ದ. ಮೂರನೇದು ಪುಕ್ಕಟೆ ಬಂತು ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದ. ನಾನು ಆ ಪುಕ್ಕಟೆ ಕುರ್ಚಿ ಮೇಲೆ ಕೂತೇ ಅಳ್ತಾ ಇದ್ದೆ."

"ಅಮ್ಮ ಆ ಕೂಲಿಗೆ ಹೊಲಿಯಲ್ಲ," ಎಂದಳು ಮಗಳು.

"ನಿನ್ನ ಕೈ ಸರಿಹೋಗೋ ತನಕ ನನ್ನೊಬ್ಬನ ಸಂಬಳದಲ್ಲಿ ಈ ಮನೆ ಹೇಗೆ ನಡಿಯುತ್ತೆ? ಹೇಳು."

ಮರುದಿನ ತಾಯಿ ಮತ್ತೆ ಯಂತ್ರದ ಮುಂದೆ ಕೂತಳು. ಅವಳು ಹೊಲಿದಳು.

ಅರ್ಧ ಕೂಲಿ ಎಂದಾದ ಮೇಲೆ ಸೀಟುಗಳ ಸಂಖ್ಯೆ ಏರಿತು. ವಾರಕ್ಕೆ ಆರು, ಏಳು. ಮಗಳು ಒಂದೇ ಕೈಯಲ್ಲಿ ಬಟ್ಟೆ ಮಡಿಸುತ್ತ, ತಾಯಿಯ ಕೋಣೆಯನ್ನು ದಾಟುವಾಗ ಬೇರೆ ಕಡೆ ನೋಡುತ್ತಿದ್ದಳು. ಹೀಗಿರುವಾಗ ಒಂದು ಬೆಳಿಗ್ಗೆ ಇಸ್ತ್ರಿಯವನು ಬಟ್ಟೆಯ ಗಂಟು ಹೊತ್ತು ಬಂದ. ಹೆಂಡತಿಗೆ ದಿನ ತುಂಬುತ್ತಿದೆ, ಆಸ್ಪತ್ರೆಗೆ ಓಡಾಡಲು ಗಾಡಿ ಬೇಕು ಎಂದ.

"ನಿಮ್ಮ ಯಜಮಾನ್ರು ಮುಂದಿನ ವಾರ ಶೋರೂಮಿಗೆ ಕರ್ಕೊಂಡು ಹೋಗ್ತೀನಿ ಅಂದಿದಾರೆ ಸೀಟಕ್ಕ."

ಅವನ ಹೆಂಡತಿ ಬಸುರಿ. ಹಿಂದಿನ ಸೀಟಿನಲ್ಲಿ ಕೂರುವವಳು ಅವಳು. ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡು ಸೀಟಕ್ಕನಿಗೆ ಸಾಕಾಗಿತ್ತು.

"ಅಲ್ಲಿ ತಗೋಬೇಡಪ್ಪ. ಬಿದ್ದಿರೋ ಗಾಡಿನ ಹೊಸದು ಅಂತ ಮಾರ್ತಾರೆ. ಸೇತುವೆ ಹತ್ರ ಹೋಗು. ಅಲ್ಲೇ ತಗೋಬೇಕು ಅಂದ್ರೂ ಒಂದು ಮಾತು ನೆನಪಿಟ್ಕೋ. ಸೀಟಿಗೆ ಕೆಂಪು ದಾರ ಕಂಡ್ರೆ ಆ ಗಾಡಿ ಮುಟ್ಟಬೇಡ."

ಅವನು ತಲೆಯಾಡಿಸಿ ಹೋದ. ಅವಳು ಕಪ್ಪು ದಾರದ ಉಂಡೆ ತೆಗೆದಿಟ್ಟಳು. ರೆಕ್ಸಿನ್ನಿನ ಕಪ್ಪು ಸೀಟಿಗೆ ರಕ್ತದಂಥ ಕೆಂಪು ದಾರದಲ್ಲಿ ಹೊಲಿಗೆ ಹಾಕಿದಳು, ಅಗಲಗಲವಾಗಿ, ಹತ್ತು ಮಾರು ದೂರದಿಂದಲೂ ಎದ್ದು ಕಾಣುವಂತೆ. ಹನ್ನೊಂದು ವರ್ಷ ಅಡಗಿಸಿದ್ದನ್ನೆಲ್ಲ ಒಂದೇ ದಿನ ಹೊರಗೆ ಹಾಕಿದಂತೆ ಏಳು ಸೀಟು ಮುಗಿಸಿದಳು. ಕೂಲಿ ಕೊಡದಿದ್ದರೆ ಬೇಡ. ಕಿತ್ತು ಹಾಕಲಿ. ಸಂಜೆ ಮಗಳು ಬಾಗಿಲಲ್ಲಿ ನಿಂತು ಆ ಸೀಟುಗಳನ್ನು ನೋಡಿದಳು. ಬಹಳ ದಿನದ ಮೇಲೆ ಒಳಗೆ ಬಂದು ತಾಯಿಯ ಪಕ್ಕದ ಸ್ಟೂಲಿನ ಮೇಲೆ ಕೂತಳು.

ಟೆಂಪೋ ಸೀಟುಗಳನ್ನು ಒಯ್ದಿತು. ಬೈಗುಳ ಬರಲಿಲ್ಲ. ಐದನೆಯ ದಿನ ಬೀದಿಯಲ್ಲಿ ಹಾರ್ನಿನ ಸದ್ದು ಕೇಳಿ ಅವಳು ಕಿಟಕಿಯಿಂದ ಬಗ್ಗಿ ನೋಡಿದಳು. ಇಸ್ತ್ರಿಯವನು ಗಾಡಿಯ ಮೇಲೆ ಕೂತಿದ್ದ, ಹಿಂದೆ ಅವಳ ಗಂಡ. ಕಪ್ಪು ಸೀಟಿನ ಎಡಬದಿಯಲ್ಲಿ ಕೆಂಪು ಹೊಲಿಗೆ ಬಿಸಿಲಿಗೆ ಉರಿಯುತ್ತಿತ್ತು.

"ನಾನು ಏನು ಹೇಳಿದ್ದೆ ನಿನಗೆ?" ಅವಳು ಹೊರಗೆ ಓಡಿದಳು. "ಕೆಂಪು ದಾರ ಇದ್ರೆ ಮುಟ್ಟಬೇಡ ಅಂದಿರ್ಲಿಲ್ವಾ?"

ಇಸ್ತ್ರಿಯವನು ನಾಚಿಕೊಂಡು ಗಂಡನ ಕಡೆ ನೋಡಿದ. "ಅದು ಸ್ಪೋರ್ಟ್ಸ್ ಮಾಡೆಲ್ಲು ಅಂತೆ ಅಕ್ಕ. ಎಲ್ಲರೂ ಅದನ್ನೇ ಕೇಳ್ತಾ ಇದಾರೆ. ಎಂಟುನೂರು ಜಾಸ್ತಿ ಇತ್ತು, ಯಜಮಾನ್ರು ನಾನೂರಕ್ಕೆ ಕೊಡಿಸಿದ್ರು." ಆಮೇಲೆ ಮೆಲ್ಲಗೆ, ನೋಯಿಸಬಾರದು ಎಂಬಂತೆ ಸೇರಿಸಿದ: "ಮಗಳು ಬಿದ್ದ ಮೇಲೆ ನಿಮಗೆ ಬೇರೆಯವರ ಗಾಡಿ ಕಂಡ್ರೆ ಸಂಕಟ ಅಂತೆ. ನಾನೇನೂ ತಪ್ಪು ತಿಳ್ಕೊಂಡಿಲ್ಲ ಬಿಡಿ."

"ಇವರು ನಿನಗೆ ಸುಳ್ಳು..." ಎಂದು ಅವಳು ಶುರು ಮಾಡುವಷ್ಟರಲ್ಲಿ ಗಂಡ ಕೆಳಗಿಳಿದ, ಇಸ್ತ್ರಿಯವನು ಗಾಡಿಯನ್ನು ಮುಂದಕ್ಕೆ ಬಿಟ್ಟ. ಅವನ ಮನೆಯ ಹೊಸ್ತಿಲಲ್ಲಿ ತುಂಬು ಬಸುರಿ ಎರಡೂ ಕೈಯಲ್ಲಿ ಬಾಗಿಲು ಹಿಡಿದು ನಗುತ್ತ ನಿಂತಿದ್ದಳು.

ಗಂಡ ಅಂಗಿಯ ಧೂಳು ಕೊಡವಿಕೊಂಡ. "ಅದೇನು ಬುದ್ಧಿ ಬಂತೋ ನಿನಗೆ, ಕೆಂಪು ದಾರ ಹಾಕಿದ್ದು! ಮ್ಯಾನೇಜರು ಮೊದಲು ಸಿಟ್ಟಿಂದ ಕುಣಿದಾಡಿದ. ಇದನ್ನ ಸ್ಪೋರ್ಟ್ಸ್ ಅಂತ ಮಾರಿ ಅಂತ ನಾನೇ ಹೇಳ್ಕೊಟ್ಟೆ. ಈಗ ಎಲ್ಲ ಸೀಟಿಗೂ ಹಾಗೇ ಬೇಕಂತೆ, ಹರಿದಿರ್ಲಿ ಬಿಡ್ಲಿ. ಸೀಟಿಗೆ ಹತ್ತು ರೂಪಾಯಿ ಜಾಸ್ತಿ ಮಾಡ್ಸಿದೀನಿ ನಿನಗೆ." ಅವನು ಕಾಯ್ದ. ಮೆಚ್ಚುಗೆಗೆ ಕಾಯುವ ಆ ಮುಖ ಅವಳಿಗೆ ಮೂವತ್ತು ವರ್ಷದಿಂದ ಗೊತ್ತು. "ಏನೂ ಅನ್ನಲ್ವಾ?"

ಅವಳು ಒಳಗೆ ಬಂದಳು. ಗೋಡೆಯ ಪಕ್ಕದಲ್ಲಿ ಹದಿನಾಲ್ಕು ಸೀಟು ಮಗುಚಿ ಬಿದ್ದಿದ್ದವು, ಅವುಗಳ ಮೇಲೆ ಶೋರೂಮಿನವರೇ ಕಳಿಸಿದ ಕೆಂಪು ದಾರದ ದೊಡ್ಡ ಪೊಟ್ಟಣ. ಸ್ಟೂಲಿನ ಮೇಲೆ ಮಗಳು ಕೂತಿದ್ದಳು. ಕಿಟಕಿಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಈಗ ಯಾವ ಬಣ್ಣ ಹಾಕ್ತೀಯ ಅಮ್ಮ?" ಎಂದಳು ಮಗಳು.

ಹೊರಗೆ ಬಸುರಿಯನ್ನು ಕೂರಿಸಿಕೊಂಡು ಇಸ್ತ್ರಿಯವನು ಬೀದಿ ಸುತ್ತುವ ಸದ್ದು. ತಿರುವು ಬರುವ ತನಕ ಇಬ್ಬರೂ ಉಸಿರು ಬಿಗಿಹಿಡಿದು ಕೇಳಿಸಿಕೊಂಡರು. ಗಾಡಿ ತಿರುಗಿತು, ಸದ್ದು ಮುಂದೆ ಸಾಗಿತು. ಇವತ್ತಿಗೆ ಏನೂ ಆಗಲಿಲ್ಲ.